ದಂತ ಸಹಾಯಕಿಯ ತರಬೇತಿ: ಮೊದಲು ಬಾಯಿ, ಆಮೇಲೆ ಉಪಕರಣ

ಸಣ್ಣ ಹಲ್ಲಿನ ಕ್ಲಿನಿಕ್‌ಗಳಲ್ಲಿ ಹೊಸ ಸಹಾಯಕಿಯ ಕೈಗೆ ಮೊದಲ ದಿನವೇ ಬಾಯಿಯ ನೀರು ಹೀರುವ ಸಕ್ಷನ್ ಕೊಳವೆ ಕೊಟ್ಟುಬಿಡುವುದುಂಟು. ಅದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ವಾರಗಳಲ್ಲಿ ಆಕೆ ಬಾಯಿಯನ್ನು ನೋಡಲು ಕಲಿಯಬೇಕು. ಡಾಕ್ಟರ ಮುಂದೆ ‘ಅಡಿಕೆ ಹಾಕುವುದೇ ಇಲ್ಲ’ ಎಂದ ರೋಗಿ, ಕೊರಳಿಗೆ ಬಟ್ಟೆ ಕಟ್ಟುತ್ತಿರುವಾಗ ಸಹಾಯಕಿಯ ಬಳಿ ‘ದಿನಕ್ಕೆ ನಾಲ್ಕು ಪೊಟ್ಟಣ, ಅಕ್ಕಾ’ ಎಂದುಬಿಡುತ್ತಾನೆ. ಆ ಮಾತಿನ ತೂಕ ಆಕೆಗೆ ಗೊತ್ತಿರಬೇಕು.

ಆದ್ದರಿಂದ ಕಾಯಿಲೆಗಳಿಂದ ಶುರು ಮಾಡಿ. ವಸಡಿನ ಅಂಚಿನಲ್ಲಿ ಕೂರುವ ಮೆತ್ತನೆಯ ಪಾಚಿ ಬ್ರಷ್‌ಗೆ ಹೋಗುತ್ತದೆ. ಅದು ಗಟ್ಟಿಯಾಗಿ ಗಾರೆಯಾದರೆ ಹೋಗುವುದಿಲ್ಲ. ಎರಡನ್ನೂ ಕನ್ನಡಿಯಲ್ಲಿ ತೋರಿಸಿ. ಹಲ್ಲುಜ್ಜುವಾಗ ರಕ್ತ ಬರುವುದು ವಸಡಿನ ಉರಿಯೂತದ ಮೊದಲ ಗುರುತು. ಸಕ್ಕರೆ ಕಾಯಿಲೆ ಇದ್ದರೆ ಅದು ಬೇಗ ಬಿಗಡಾಯಿಸುತ್ತದೆ. ನಮ್ಮ ಅಡಿಕೆ ಸೀಮೆಗಳಲ್ಲಿ ಇನ್ನೊಂದು ಪಾಠ ಇದಕ್ಕಿಂತಲೂ ಮುಖ್ಯ, ಅಡಿಕೆ ಜಗಿಯುವವರ ಬಾಯಿಯಲ್ಲಿ ಕ್ಯಾನ್ಸರಿನ ಮುನ್ಸೂಚನೆ ಗುರುತಿಸುವುದು. ಖಾರ ತಗುಲಿದರೆ ಉರಿ, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯುವುದು, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯದಿರುವುದು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು: ಇವುಗಳಲ್ಲಿ ಒಂದು ಕಂಡರೂ ಡಾಕ್ಟರಿಗೆ ಹೇಳಬೇಕು. ಕಾಯಿಲೆಗೆ ಹೆಸರಿಡುವುದು, ಗಾರೆ ತೆಗೆಯುವುದು ಆಕೆಯ ಕೆಲಸವಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ, ಔಷಧದ ಅಲರ್ಜಿ, ಗರ್ಭಿಣಿಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿ ರೋಗಿಗೂ ಆಕೆಯಿಂದ ಕೇಳಿಸಿ.

ನಂತರ ಹಲ್ಲಿನ ಸಂಖ್ಯೆಗಳು. ಮೇಲಿನ ಬಲಭಾಗ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎಣಿಕೆ ಮುಂದಿನ ಹಲ್ಲಿನಿಂದ ಹಿಂದಕ್ಕೆ. ‘36’ ಎಂದರೆ 3ನೇ ಭಾಗದ ಆರನೆಯದು, ಅಂದರೆ ಕೆಳಗಿನ ಎಡದ ಮೊದಲ ದವಡೆ ಹಲ್ಲು. ಬಲ ಎಂದರೆ ರೋಗಿಯ ಬಲ, ಎಡವುವುದು ಇಲ್ಲಿಯೇ.

ಈಗ ಕುರ್ಚಿಯ ಪಕ್ಕಕ್ಕೆ ಬನ್ನಿ. ಮಲಗಿದ ರೋಗಿಯ ಮುಖವನ್ನು ಗಡಿಯಾರ ಎಂದುಕೊಳ್ಳಿ. ನೆತ್ತಿ 12 ಗಂಟೆ. ಬಲಗೈ ಬಳಸುವ ಡಾಕ್ಟರು 9ರಿಂದ 12ರ ನಡುವೆ ಕೂತರೆ ಸಹಾಯಕಿಯ ಜಾಗ 2ರಿಂದ 4, ಆಸನ ಡಾಕ್ಟರದಕ್ಕಿಂತ ನಾಲ್ಕೈದು ಅಂಗುಲ ಎತ್ತರ. ಸಕ್ಷನ್ ಬಲಗೈಯಲ್ಲಿ, ಉಪಕರಣ ಕೊಡುವುದು ಎಡಗೈಯಲ್ಲಿ. ಕೊಡುವುದು ಗದ್ದದ ಕೆಳಗಿನಿಂದ, ಕಣ್ಣಿನ ಮೇಲಿಂದ ಎಂದೂ ಅಲ್ಲ. ಒಮ್ಮೆ ಆಕೆಯನ್ನೇ ಕುರ್ಚಿಯಲ್ಲಿ ಮಲಗಿಸಿ ಸಕ್ಷನ್ ಹಿಡಿಯಿರಿ. ಕೊಳವೆ ಅಂಗುಳಿನ ಹಿಂಭಾಗಕ್ಕೆ ತಾಗಿದರೆ ಓಕರಿಕೆ ಹೇಗೆ ಬರುತ್ತದೆ ಎಂಬುದನ್ನು ಬೇರೆ ಯಾವ ರೀತಿಯಲ್ಲೂ ಇಷ್ಟು ಚೆನ್ನಾಗಿ ಕಲಿಸಲಾಗದು.

ಶುಚಿತ್ವದಲ್ಲಿ ರಿಯಾಯಿತಿ ಬೇಡ. ಸೋಪಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಉಪಕರಣವನ್ನು ಮೊದಲು ಉಜ್ಜಿ ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿ, ಆಮೇಲೆ ಆಟೋಕ್ಲೇವ್‌ಗೆ, ಅಂದರೆ ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರಕ್ಕೆ; ರಕ್ತ ಅಂಟಿದ ಉಪಕರಣವನ್ನು 121 ಡಿಗ್ರಿಯಲ್ಲಿ ಬೇಯಿಸಿದರೂ ಅದು ಶುದ್ಧವಾಗಿದೆ ಎಂಬ ಭರವಸೆ ಇಲ್ಲ. ತ್ಯಾಜ್ಯದಲ್ಲಿ ರಕ್ತದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ. ಸೂಜಿಯ ಮುಚ್ಚಳವನ್ನು ಎರಡು ಕೈಯಲ್ಲಿ ಹಾಕಲು ಬಿಡಬೇಡಿ. ಚುಚ್ಚಿದರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು, ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಎಚ್‌ಐವಿ ತಡೆಯ ಔಷಧ ಬೇಕಾದರೆ 72 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ ಶುರುವಾಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಕೊಡಿಸುವುದು ಮಾಲೀಕರ ಹೊಣೆ. ಸಂಬಳಕ್ಕಿಂತ ಮೊದಲು ಇದನ್ನು ಮಾತಾಡಿ.

ಕೊನೆಗೆ ರೋಗಿಯನ್ನು ಕಳುಹಿಸುವ ಮಾತು. ಹಲ್ಲು ಕೀಳಿಸಿದವರಿಗೆ ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಲು, ಉಗುಳದಿರಲು, ಆ ದಿನ ಬಿಸಿ ಕಾಫಿ ಬಿಡಲು ಆಕೆಯೇ ಹೇಳಲಿ. ಹೇಳಿದ್ದನ್ನು ರೋಗಿ ತಿರುಗಿ ಒಪ್ಪಿಸಿದ ಮೇಲೆಯೇ ಮುಂದಿನವರನ್ನು ಕರೆಯಲಿ.