ಹೊಸಬರಿಗೆ ಮಾರ್ಗದರ್ಶಿ: ಐರ್ಲೆಂಡಿನ ಶಾಲೆಯ ಬಿಸಿಯೂಟ

ಮಗುವಿಗೆ ಬಿಸಿಯೂಟ ಬೇಕಾ ಎಂದು ಶಾಲೆಯಿಂದ ಕೇಳುತ್ತಾರೆ. ದಯವಿಟ್ಟು ಅವಸರದಲ್ಲಿ ‘ಬೇಡ’ ಎಂದು ಹೇಳಿಬಿಡಬೇಡಿ. ನಾವು ಹಾಗೇ ಮಾಡಿದ್ದೆವು. ಇಬ್ಬರಿಗೂ ಕೆಲಸವಿದೆ, ಸರ್ಕಾರದ ಊಟ ನಮಗ್ಯಾಕೆ ಅಂದುಕೊಂಡಿದ್ದೆವು. ಬಿಸಿಯೂಟ ಅಂದರೆ ಬಡ ಮಕ್ಕಳಿಗೆ ಅನ್ನೋದು ಊರಿಂದಲೇ ತಲೆಯಲ್ಲಿ ಕೂತಿತ್ತು. ಚಳಿಗಾಲವಿಡೀ ಮಗಳು ತಣ್ಣಗಾದ ಚಪಾತಿ ತಿಂದಳು. ‘ಅಮ್ಮಾ, ಎಲ್ಲರಿಗೂ ಬಿಸಿ ಬಾಕ್ಸ್ ಬರುತ್ತೆ, ನನಗ್ಯಾಕಿಲ್ಲ?’ ಎಂದು ಒಂದಿನ ಕೇಳಿದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ದುಡ್ಡು ಎಲ್ಲಿಂದ?

ಸಾಮಾಜಿಕ ರಕ್ಷಣಾ ಇಲಾಖೆಯಿಂದ. ಅರ್ಜಿ ಹಾಕುವುದು ಶಾಲೆ, ನೀವಲ್ಲ. ದುಡ್ಡು ಹೋಗುವುದೂ ಶಾಲೆಗೇ. ಅದು ಊಟಕ್ಕೆ ಮಾತ್ರ, ಪಾತ್ರೆಗೋ ಸಿಬ್ಬಂದಿಗೋ ಅಲ್ಲ. ಊಟ ತಂದುಕೊಡುವವರನ್ನು ಶಾಲೆಯೇ ಆರಿಸುತ್ತದೆ. ನಿಮ್ಮ ಸಂಬಳವನ್ನು ಯಾರೂ ಕೇಳುವುದಿಲ್ಲ. 2019ರಲ್ಲಿ 37 ಶಾಲೆಗಳಲ್ಲಿ ಪ್ರಯೋಗಕ್ಕೆಂದು ಶುರುವಾಗಿದ್ದು, 2023ರಲ್ಲಿ ಸರ್ಕಾರದ ಹೆಚ್ಚುವರಿ ನೆರವು ಪಡೆಯುವ ಎಲ್ಲ ಡೆಶ್ (DEIS) ಪ್ರೈಮರಿ ಶಾಲೆಗಳಿಗೂ, ಆಮೇಲೆ ಉಳಿದ ಪ್ರೈಮರಿ ಶಾಲೆಗಳಿಗೂ ಬಂತು.

ಡೆಶ್ ಶಾಲೆ ಅಂದರೆ ಹೆದರಬೇಡಿ

ಐರಿಷ್ ಭಾಷೆಯಲ್ಲಿ ಡೆಶ್ ಅಂದರೆ ಅವಕಾಶ. ಕಷ್ಟದಲ್ಲಿರುವ ಮನೆಗಳ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಹೆಚ್ಚು ನೆರವು ಕೊಡಲು 2005ರಲ್ಲಿ ತಂದ ಯೋಜನೆ ಇದು. ನಮ್ಮವರೇ ಕೆಲವರು ‘ಅಯ್ಯೋ, ಡೆಶ್ ಶಾಲೆನಾ’ ಎಂದು ಮೂಗು ಮುರಿಯುತ್ತಾರೆ. ಬಾಡಿಗೆ ಮನೆ ಹುಡುಕುವಾಗ ಆ ಏರಿಯಾನೇ ಬಿಡುತ್ತಾರೆ. ಇದು ತಪ್ಪು. ಪೇಟೆಯ ಡೆಶ್ ಪ್ರೈಮರಿ ಶಾಲೆಗಳಲ್ಲಿ, ಮನೆಗೂ ಶಾಲೆಗೂ ಕೊಂಡಿಯಾಗಿರಲೆಂದೇ ಒಬ್ಬರು ಟೀಚರ್ ಇರುತ್ತಾರೆ. ನಮ್ಮ ಮನೆಗೂ ಬಂದಿದ್ದರು. ಚಹಾ ಕುಡಿದು, ಫಾರ್ಮ್ ತುಂಬಿಸಿ ಹೋದರು. ಅನ್ನದಾಸೋಹದ ನಾಡಿನಿಂದ ಬಂದವರು ನಾವು. ಪಂಕ್ತಿಯಲ್ಲಿ ಕೂತು ಉಣ್ಣುವುದಕ್ಕೆ ನಮಗೆ ನಾಚಿಕೆ ಯಾಕೆ?

ಸಸ್ಯಾಹಾರಿಗಳೇ, ಇದನ್ನು ಎರಡು ಸಲ ಓದಿ

ಇಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಇರಬಹುದು. ನೂಡಲ್ಸ್, ಮೇಯನೇಸ್, ಕೇಕ್, ಎಲ್ಲದರಲ್ಲೂ. ಮೊಟ್ಟೆ ಬೇಡವಾದರೆ ಬೇರೆಯಾಗಿ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ಮೀನು ತಿನ್ನುತ್ತೀರಾ ಎಂದು ಕೇಳುವವರೂ ಇದ್ದಾರೆ, ಬೇಸರ ಬೇಡ, ಇಲ್ಲ ಎನ್ನಿ. ಜೆಲ್ಲಿಯಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳಿಂದ ತೆಗೆದದ್ದು. ಮೆನುವಿನಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳನ್ನು ತೋರಿಸಿರುತ್ತಾರೆ, ಮೊಟ್ಟೆ, ಮೀನು ಎರಡೂ ಆ ಪಟ್ಟಿಯಲ್ಲಿವೆ. ನೋಡಿ ಆರಿಸಿ. ಆ್ಯಪ್‌ನಲ್ಲಿ ಆರಿಸುವುದಾದರೆ ಗಡುವು ತಪ್ಪಿಸಬೇಡಿ. ಒಮ್ಮೆ ನಾವು ಮರೆತೆವು. ಮಗಳಿಗೆ ಚಿಕನ್ ಬಂತು, ಮುಟ್ಟದೆ ಹಸಿದುಕೊಂಡೇ ಬಂದಳು.

ಮನೆಯಿಂದ ಡಬ್ಬಿ ಕಟ್ಟುವವರಿಗೆ

ಶೇಂಗಾ ಚಟ್ನಿಪುಡಿ, ಚಿಕ್ಕಿ ಬೇಡ. ಎಷ್ಟೋ ಶಾಲೆಗಳಲ್ಲಿ ಕಡಲೆಕಾಯಿ, ಗೋಡಂಬಿ ತರುವ ಹಾಗಿಲ್ಲ. ಪಕ್ಕದ ಮಗುವಿನ ಜೀವದ ಪ್ರಶ್ನೆ.

ಇನ್ನೂ ಕೆಲವು

ಪ್ರೈಮರಿ ಪಠ್ಯಪುಸ್ತಕ: 2023ರಿಂದ ಉಚಿತ.
ಸೆಕೆಂಡರಿ ಶಾಲೆಯ ಊಟ: ಎಲ್ಲ ಕಡೆ ಇಲ್ಲ, ವಿಚಾರಿಸಿ.
ನೀರಿನ ಬಾಟಲಿ, ಚಮಚ: ಹೆಸರು ಬರೆದು ಕಳಿಸಿ.

ಆ್ಯಪ್ ಅರ್ಥವಾಗದಿದ್ದರೆ ಭಾನುವಾರದ ಕನ್ನಡ ತರಗತಿಗೆ ಬರುವಾಗ ಫೋನ್ ತನ್ನಿ. ಒಟ್ಟಿಗೇ ಕೂತು ತುಂಬೋಣ.