ಮಣ್ಣು ಹಾಕಿ ಹೊಂಡದ ನೀರು ತಿಳಿ ಮಾಡಿದ್ದು: ನನ್ನ ಅನುಭವ

ನಮ್ಮ ಪಪ್ಪಾಯಿ ತೋಟದ ಡ್ರಿಪ್ ಫಿಲ್ಟರ್ ಅನ್ನು ಈಗ ವಾರಕ್ಕೊಮ್ಮೆ ತೊಳೆದರೆ ಸಾಕು. ಹಿಂದಿನ ಬೇಸಿಗೆಯಲ್ಲಿ ಅರ್ಧ ಗಂಟೆಗೊಮ್ಮೆ ಮೋಟರ್ ನಿಲ್ಲಿಸಿ ತೊಳೆಯುತ್ತಿದ್ದೆವು. "ಹೊಂಡಕ್ಕೆ ಮಣ್ಣು ಸುರಿದು ನೀರು ತಿಳಿ ಮಾಡುತ್ತಾನಂತೆ" ಎಂದು ಊರ ಕಟ್ಟೆಯ ಮೇಲೆ ನಕ್ಕ ನಮ್ಮ ಕಾಕಾ ಈಗ ತಮ್ಮ ಹೊಂಡಕ್ಕೂ ಅದನ್ನೇ ಮಾಡಿಕೊಡು ಎನ್ನುತ್ತಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಎರೆ ಭೂಮಿ. 21 ಮೀಟರ್ ಚೌಕದ, ತಾಡಪಾಲು ಹಾಸಿದ ಕೃಷಿ ಹೊಂಡ. ಫೆಬ್ರುವರಿ ಹೊತ್ತಿಗೆ ಅರ್ಧ ನೀರು ಉಳಿದಿರುತ್ತದೆ, ಅಂದಾಜು ನಾಲ್ಕೂವರೆ ಲಕ್ಷ ಲೀಟರ್. ಮಳೆಗಾಲದ ಎರೆಮಣ್ಣಿನ ಕದಡು ಪೂರ್ತಿ ಇಳಿದಿರುವುದಿಲ್ಲ, ಅದರ ಮೇಲೆ ಹಸಿರು ಪಾಚಿ ಏಳುತ್ತದೆ. ಎರಡೂ ಸೇರಿ ಡ್ರಿಪ್ಪರ್ ಬಾಯಿ ಕಟ್ಟುತ್ತವೆ. ಲ್ಯಾಟರಲ್ (ಡ್ರಿಪ್ಪರ್ ಇರುವ ಸಣ್ಣ ಪೈಪು) ಬದಲಿಸಲು, ಆ್ಯಸಿಡ್ ಹಾಕಲು ಒಂದೇ ವರ್ಷದಲ್ಲಿ ಹನ್ನೆರಡು ಹದಿಮೂರು ಸಾವಿರ ಹೋಯಿತು.

ಮೊದಲು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹಾಕಿದೆ. ನಮ್ಮದು ಗಡಸು ನೀರು, ಅದರಲ್ಲಿ ತಾಮ್ರ ಬೇಗ ಕಟ್ಟಿಹೋಗುತ್ತದೆ. ಪಾಚಿ ಅರೆಬರೆ ಸತ್ತು ಗಬ್ಬು ನಾತ ಹೊಡೆಯಿತು, ಕದಡು ಹಾಗೆಯೇ ಉಳಿಯಿತು, ಮೂರು ವಾರದೊಳಗೆ ಹಸಿರು ಮತ್ತೆ ಬಂತು. ಸತ್ತ ನೀಲಿಹಸಿರು ಪಾಚಿ ಒಳಗಿನ ವಿಷವನ್ನೂ ನೀರಿಗೆ ಬಿಡುತ್ತದೆ; ಹೊಂಡದಲ್ಲಿ ದನಕ್ಕೆ ನೀರು ಕುಡಿಸುವವರು ಇದನ್ನು ಮರೆಯಬಾರದು.

ಆಮೇಲೆ ಪಟಿಕ. ಸಂಜೆ ಹೊತ್ತಿಗೆ ಗಂಟುಗಂಟಾಗಿ ಕೆಳಗಿಳಿಯಿತು, ನನಗೂ ಹಿಗ್ಗಾಯಿತು. ಮರುದಿನ ಮಧ್ಯಾಹ್ನ ನೋಡಿದರೆ ಕಾಯಿಸಿದ ಹಾಲಿನ ಕೆನೆಯಂತೆ ಎಲ್ಲವೂ ಮೇಲೆ! ಈ ನೀಲಿಹಸಿರು ಜಾತಿಯ ಪಾಚಿಯ ಒಳಗೆ ಗಾಳಿಚೀಲಗಳಿವೆ. ಬಿಸಿಲಿಗೆ ಅದು ಬಿಡುವ ಆಮ್ಲಜನಕದ ಗುಳ್ಳೆಗಳೂ ಗಂಟಿಗೆ ಅಂಟಿಕೊಂಡು ಎತ್ತುತ್ತವೆ. ಗಂಟು ಕಟ್ಟಿದರೆ ಸಾಲದು, ಅದಕ್ಕೆ ಭಾರ ಬೇಕು. ಭಾರಕ್ಕೆ ಮಣ್ಣು.

ಯಾವ ಮಣ್ಣು? ಹೊಲದ ಎರೆ ಆಗಲೇ ಆಗದು. ನೀರು ಕುಡಿದು ಉಬ್ಬುತ್ತದೆ, ದಿನಗಟ್ಟಲೆ ತೇಲುತ್ತದೆ. ಬೀದರ್ ಕಡೆಯ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣು ಉಬ್ಬುವುದಿಲ್ಲ, ಅದರಲ್ಲಿ ಕಬ್ಬಿಣದ ಅಂಶವೂ ಇದೆ. ಬಂಧುಗಳ ಹೊಲದಿಂದ ಟೆಂಪೋದಲ್ಲಿ ಕೆಲವು ಚೀಲ ತರಿಸಿದೆ. ಮಣ್ಣು ಪುಕ್ಕಟೆ, ಬಾಡಿಗೆಗೆ ಸುಮಾರು ಎಂಟುನೂರು. ಬೀದರ್ ಕೋಟೆಯ ಮಣ್ಣಿನಿಂದ ಬಿದರಿ ಪಾತ್ರೆಗೆ ಕಪ್ಪು ಬರುತ್ತದೆ, ನಿನ್ನ ನೀರಿಗೆ ಏನು ಬರುತ್ತದೋ ಎಂದು ಅವರೂ ಚೇಷ್ಟೆ ಮಾಡಿದರು.

ಬಾಟಲಿ ಪರೀಕ್ಷೆ ಇಲ್ಲದೆ ಹೊಂಡಕ್ಕೆ ಕೈ ಹಾಕಬೇಡಿ. ಒಂದು ಲೀಟರ್‌ ನೀರಿಗೆ ಹತ್ತು ಗ್ರಾಂ ಪಟಿಕ ಕರಗಿಸಿ ಇಟ್ಟುಕೊಳ್ಳಿ. ದನದ ಇಂಜೆಕ್ಷನ್ ಸಿರಿಂಜಿನಲ್ಲಿ ಒಂದು ಎಂಎಲ್ ತೆಗೆದರೆ ಹತ್ತು ಮಿಲಿಗ್ರಾಂ. ಹೊಂಡದ ನೀರು ತುಂಬಿದ ಲೀಟರ್ ಬಾಟಲಿಗಳನ್ನು ಸಾಲಾಗಿಟ್ಟು ಎರಡು, ಮೂರು, ನಾಲ್ಕು, ಐದು ಎಂಎಲ್ ಹೀಗೆ ಹಾಕಿ. ಮೊದಲು ಬಿರುಸಾಗಿ ಅಲುಗಾಡಿಸಬೇಕು, ಆಮೇಲೆ ಬಾಟಲಿಯನ್ನು ಮೆಲ್ಲಗೆ ಹೊರಳಿಸುತ್ತಿರಬೇಕು. ಸಾಸಿವೆ ಗಾತ್ರದ ಗಂಟು ಕಾಣುತ್ತದೆ, ನಡುವಿನ ನೀರು ತಿಳಿಯಾಗುತ್ತದೆ. ನಮ್ಮ ನೀರಿಗೆ ನಾಲ್ಕರಿಂದ ಐದರ ನಡುವೆ ಸರಿಹೋಯಿತು. ಬಾಟಲಿಗಳನ್ನು ಒಂದು ದಿನ ಬಿಸಿಲಿನಲ್ಲಿಟ್ಟು ಯಾವುದು ಮೇಲೇಳುವುದಿಲ್ಲವೋ ಅದನ್ನು ಆರಿಸಿ. ಈ ಬಿಸಿಲಿನ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ.

ಹೊಂಡಕ್ಕೆ ಸುಮಾರು ಇಪ್ಪತ್ತು ಕೆ.ಜಿ. ಪಟಿಕ, ಜರಡಿ ಹಿಡಿದ ಮಣ್ಣು ಒಂದೂವರೆ ಚೀಲ ಹಿಡಿಯಿತು. ಪಟಿಕ ಮೊದಲೋ ಮಣ್ಣು ಮೊದಲೋ, ನಡುವೆ ಎಷ್ಟು ಹೊತ್ತು ಬಿಡಬೇಕೋ, ಅದು ನನ್ನ ಹತ್ತಿರವೇ ಇರಲಿ. ಬಾಟಲಿಯಲ್ಲಿ ಎರಡೂ ಬಗೆ ಮಾಡಿ ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ. ಬೆನ್ನಿನ ಸ್ಪ್ರೇಯರ್ ಬೇಡ, ನಾಜಲ್ ಕಟ್ಟುತ್ತದೆ, ಬಕೆಟ್ಟಿನಿಂದ ಎರಚಿ. ಪಂಪಿನ ನೀರನ್ನು ದಡದ ಗುಂಟ ಬಿಟ್ಟು ಕಾಲು ಗಂಟೆ ಸುತ್ತು ತಿರುಗಿಸಿದೆ, ಮುಂದೆ ಮುಟ್ಟಲಿಲ್ಲ. ಹೆಚ್ಚು ಕಲಕಿದರೆ ಕಟ್ಟಿದ ಗಂಟು ಒಡೆಯುತ್ತದೆ. ಕೆಲಸವೆಲ್ಲ ಹೊತ್ತು ಮೂಡುವ ಮುನ್ನ ಆಗಬೇಕು. ಮಧ್ಯಾಹ್ನ ಹಸಿರು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಒಂಬತ್ತು ದಾಟಿರುತ್ತದೆ, ಆಗ ಹಾಕಿದ ಪಟಿಕ ಅರ್ಧ ದಂಡ.

ನುಗ್ಗೆ ಬೀಜದ ಪುಡಿಯನ್ನೂ ನೋಡಿದೆ. ಕದಡು ಚೆನ್ನಾಗಿ ಇಳಿಯಿತು, ಆದರೆ ಎರಡು ದಿನಕ್ಕೆ ಬಾಟಲಿ ಹಳಸಿ ನಾರಿತು. ಕೊಡಕ್ಕೆ ಸರಿ, ಹೊಂಡಕ್ಕೆ ಕೆ.ಜಿ.ಗಟ್ಟಲೆ ಬೀಜ ಎಲ್ಲಿಂದ ತರುವುದು? ಜಿಪ್ಸಂ ಎರೆಯ ಕದಡನ್ನು ಇಳಿಸಿತು, ಪಾಚಿಯ ತಂಟೆಗೆ ಹೋಗಲಿಲ್ಲ. ದಕ್ಷಿಣ ಕೊರಿಯಾದವರು 1996ರಿಂದ ಸಮುದ್ರದ ಪಾಚಿಯ ಮೇಲೆ ಹಳದಿ ಮಣ್ಣು ಎರಚುತ್ತಿದ್ದಾರೆ. ಅಲ್ಲಿ ಗಂಟು ಕಟ್ಟುವ ಕೆಲಸಕ್ಕೆ ಉಪ್ಪುನೀರೇ ನೆರವಾಗುತ್ತದೆ, ಸಿಹಿನೀರಿನವರಾದ ನಮಗೆ ಪಟಿಕ ಬೇಕೇ ಬೇಕು.

ಒಟ್ಟು ಖರ್ಚು ಬಾಡಿಗೆ ಸೇರಿ ಎರಡು ಸಾವಿರದೊಳಗೆ. ಮರುದಿನ ಮೂರಡಿ ಆಳದಲ್ಲಿದ್ದ ತಾಡಪಾಲಿನ ಮಡಿಕೆ ಕಂಡಿತು. ಪಂಪು ನೀರೆಳೆಯುವ ಪೈಪಿನ ಬಾಯಿ, ಅಂದರೆ ಫುಟ್‌ವಾಲ್ವ್, ತಳದಲ್ಲಿದ್ದರೆ ಇಳಿದದ್ದೆಲ್ಲ ಡ್ರಿಪ್ಪಿಗೇ ಬರುತ್ತದೆ. ನಾನು ಖಾಲಿ ಎಣ್ಣೆ ಕ್ಯಾನಿಗೆ ಕಟ್ಟಿ ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗೆ ತೇಲಿಬಿಟ್ಟಿದ್ದೇನೆ. ಹೊಂಡದಲ್ಲಿ ಮೀನು ಬಿಟ್ಟವರು ಇದನ್ನು ಹೀಗೆಯೇ ಮಾಡಬೇಡಿ, ತಳದಲ್ಲಿ ಪಾಚಿ ಕೊಳೆಯುವಾಗ ಆಮ್ಲಜನಕ ಕುಸಿಯುತ್ತದೆ. ತಳದ ಕೆಸರನ್ನು ಮೇ ತಿಂಗಳಲ್ಲಿ ನೀರು ಬತ್ತಿದಾಗ ಕಸಬರಿಗೆಯಿಂದ ಗುಡಿಸಿ ತೆಗೆಯಿರಿ. ಸಲಿಕೆ ತಾಗಿದರೆ ತಾಡಪಾಲು ಹರಿಯುತ್ತದೆ.