ಆ್ಯಪ್ ಮಾಡಿಸುವ ಮೊದಲು ಕೌಂಟರ್ ಪಕ್ಕ ನಿಲ್ಲಿ

ಉಡುಪಿಯಲ್ಲಿ 1925ರಲ್ಲಿ ಒಂದು ಪುಟ್ಟ ಬ್ಯಾಂಕ್ ಶುರುವಾಯಿತು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ನೇಕಾರರು, ಸಣ್ಣ ವ್ಯಾಪಾರಿಗಳಿಗೆ ದಿನದ ದುಡಿಮೆ ಬಿಟ್ಟು ಬ್ಯಾಂಕಿಗೆ ಬರುವುದು ಕಷ್ಟ. ಬಂದರೂ ಕೈಯಲ್ಲಿ ಉಳಿಯುವುದು ಒಂದೆರಡು ಆಣೆ. ಹಾಗಾಗಿ 1928ರಲ್ಲಿ ಬ್ಯಾಂಕೇ ಅವರ ಬಾಗಿಲಿಗೆ ಹೋಯಿತು. ಏಜೆಂಟರು ದಿನಾ ಬಂದು ಎರಡಾಣೆ ಕಟ್ಟಿಸಿಕೊಂಡರು. ಅದೇ ಪಿಗ್ಮಿ. ಇವತ್ತಿಗೂ ಊರಲ್ಲಿ ಪಿಗ್ಮಿ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಬಳಕೆದಾರರ ಅನುಭವದ ಕಾರ್ಯತಂತ್ರ, ಅಂದರೆ ಯುಎಕ್ಸ್ ಸ್ಟ್ರಾಟಜಿ ಎಂದರೇನು ಎಂದು ಕೇಳಿದವರಿಗೆ ನಾನು ಮೊದಲು ಹೇಳುವ ಕತೆ ಇದು. 'ಯೂಸರ್ ಎಕ್ಸ್‌ಪೀರಿಯನ್ಸ್' ಎಂಬ ಮಾತು ಹರಡಿದ್ದು 1990ರ ದಶಕದಲ್ಲಿ, ಆಗ ಆ್ಯಪಲ್ ಕಂಪನಿಯಲ್ಲಿದ್ದ ಡಾನ್ ನಾರ್ಮನ್ ಅವರಿಂದ. ಆದರೆ ಕೆಲಸ ಹಳೆಯದು. ಯಾರಿಗೆ ಏನು ಸುಲಭ ಆಗಬೇಕು ಎಂದು ಮೊದಲೇ ತೀರ್ಮಾನ ಮಾಡುವುದು, ಅಷ್ಟೇ. ಬಣ್ಣ, ಲೋಗೋ, ಬಟನ್ ಎಲ್ಲ ಆಮೇಲೆ.

ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘವನ್ನೇ ತೆಗೆದುಕೊಳ್ಳಿ. ಆಡಳಿತ ಮಂಡಳಿ ಸಭೆಯಲ್ಲಿ ಯಾರೋ 'ಎಲ್ಲರೂ ಆ್ಯಪ್ ಮಾಡಿಸಿದ್ದಾರೆ, ನಾವೂ ಮಾಡಿಸೋಣ' ಎನ್ನುತ್ತಾರೆ. ಮರುದಿನವೇ ಕೊಟೇಶನ್ ತರಿಸುತ್ತಾರೆ. ದಯವಿಟ್ಟು ಅಲ್ಲೇ ನಿಲ್ಲಿಸಿ.

ಒಂದು ವಾರ ನೋಡಿ

ಕೌಂಟರ್ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಒಂದು ವಾರ ಸುಮ್ನೆ ನೋಡಿ. ಸಂತೆಯ ದಿನ ಮಾತ್ರ ತಪ್ಪಿಸಬೇಡಿ. 'ಆ್ಯಪ್ ಬೇಕಾ?' ಎಂದು ಕೇಳಬೇಡಿ. ಕೇಳಿದವರ ಮನಸ್ಸು ನೋಯಿಸಬಾರದು ಎಂದು ಎಲ್ಲರೂ 'ಬೇಕು' ಎಂದೇ ಹೇಳುತ್ತಾರೆ.

ಹೀಗೆ ಕೂತಿದ್ದಾಗ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದರು, ಜೊತೆಗೆ ಕೀಪ್ಯಾಡ್ ಫೋನ್. ಅದನ್ನು ಗುಮಾಸ್ತರ ಕೈಗೆ ಕೊಟ್ಟು 'ಏನೋ ಮೆಸೇಜ್ ಬಂದೈತೆ, ನೋಡಪ್ಪಾ' ಎಂದರು. ಅಡವಿಟ್ಟ ಓಲೆ ಬಿಡಿಸಿಕೊಳ್ಳುವ ಗಡುವಿನ ಮೆಸೇಜ್ ಅದು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಗಡುವು ಮುಗಿದು ನಾಲ್ಕು ದಿನ ಆಗಿತ್ತು. ಅವರಿಗೆ ಬೇಕಾಗಿದ್ದು ಆ್ಯಪ್ ಅಲ್ಲ. ವಾರ ಮುಂಚೆ ಕನ್ನಡದಲ್ಲಿ ಒಂದು ಸಾಲು, ಅದನ್ನೇ ಓದಿ ಹೇಳುವ ಒಂದು ಕರೆ.

ಅದೇ ವಾರ ಗುಮಾಸ್ತರಿಗೂ ಪಿಗ್ಮಿ ಏಜೆಂಟರಿಗೂ ಒಂದೊಂದು ನೋಟ್‌ಬುಕ್ ಕೊಡಿ. 'ಬಡ್ಡಿ ಎಷ್ಟಾಯ್ತು?', 'ಗಡುವು ಯಾವಾಗ?', 'ಇನ್ನೂ ಯಾವ ಕಾಗದ ತರಬೇಕು?' ಹೀಗೆ ಪ್ರಶ್ನೆ ಬಂದಾಗಲೆಲ್ಲ ಅದರ ಮುಂದೆ ಒಂದು ಗೀಟು ಹಾಕಲಿ. ಯಾವುದಕ್ಕೆ ಜಾಸ್ತಿ ಗೀಟು ಬಿತ್ತೋ ಕೆಲಸ ಅಲ್ಲಿಂದ ಶುರು.

ಒಂದೇ ಹಾಳೆಯಲ್ಲಿ ಬರೆಯಿರಿ

ನೂರು ಪುಟದ ವರದಿ ಯಾರೂ ಓದುವುದಿಲ್ಲ. ಒಂದು ಹಾಳೆ ಸಾಕು. ಉದಾಹರಣೆಗೆ: 'ಒಡವೆ ಸಾಲ ಪಡೆದ ಸದಸ್ಯರಿಗೆ ಗಡುವು ಯಾವಾಗ, ಎಷ್ಟು ಕಟ್ಟಬೇಕು ಎಂಬುದು ಸಂಘಕ್ಕೆ ಬರದೆಯೇ ಗೊತ್ತಾಗಬೇಕು. ಹೊಸ ಸಾಲದ ಅರ್ಜಿಯನ್ನು ಈ ವರ್ಷ ಫೋನಿಗೆ ತರುವುದಿಲ್ಲ.' ಕಷ್ಟ ಇರುವುದು ಆ ಎರಡನೇ ವಾಕ್ಯದಲ್ಲಿ. ಪ್ರತಿ ನಿರ್ದೇಶಕರಿಗೂ ತಮ್ಮದೊಂದು ಆಸೆ ಇರುತ್ತದೆ, ಎಲ್ಲವೂ ಆ್ಯಪ್‌ನಲ್ಲಿ ಸೇರಬೇಕು. ಬ್ರಿಟನ್ ಸರ್ಕಾರದ ಡಿಜಿಟಲ್ ವಿಭಾಗ 2012ರಲ್ಲಿ ವಿನ್ಯಾಸದ ಸೂತ್ರಗಳನ್ನು ಪ್ರಕಟಿಸಿತು. ಮೊದಲನೆಯದು, ಜನರ ಅಗತ್ಯದಿಂದ ಶುರು ಮಾಡಿ. ಅದರ ಬೆನ್ನಿಗೇ ಬರುವ ಎರಡನೆಯದು, ಕಡಿಮೆ ಮಾಡಿ. ಏನು ಮಾಡುವುದಿಲ್ಲ ಎಂದು ಬರೆಯದ ಹಾಳೆ ನನ್ನ ಲೆಕ್ಕದಲ್ಲಿ ಬರೀ ಆಸೆಪಟ್ಟಿ.

ಹಾಳೆಯ ಕೆಳಗೆ ಈ ಕೆಲಸಕ್ಕೆ ಉತ್ತರ ಹೇಳಬೇಕಾದ ಒಬ್ಬರ ಹೆಸರು ಇರಲಿ. ಒಬ್ಬರೇ.

ಹೆಸರು, ಅಕ್ಷರ, ಮಾತು

ಇದನ್ನು ಸಾಫ್ಟ್‌ವೇರ್ ಮಾಡುವವರಿಗೇ ಬಿಟ್ಟರೆ ಮೊದಲ ಪರದೆಯಲ್ಲೇ 'ಫಸ್ಟ್ ನೇಮ್, ಲಾಸ್ಟ್ ನೇಮ್' ಬಂದು ಕೂರುತ್ತದೆ. ನಮ್ಮ ಕಡೆ ಎಷ್ಟೋ ಜನರಿಗೆ ಇರುವುದು ಇನಿಷಿಯಲ್ ಮತ್ತು ಹೆಸರು. ನಮ್ಮ ತಂದೆಯವರಿಗೂ ಒಂದೇ ಇನಿಷಿಯಲ್. ಒಂದು ಆನ್‌ಲೈನ್ ಅರ್ಜಿ ಅಷ್ಟು ಸಾಲದು ಎಂದು ಹಟ ಹಿಡಿಯಿತು. ಕೊನೆಗೆ ಊರಿನ ಹೆಸರು ತುಂಬಿದೆವು. ಆಮೇಲೆ ಅದು ಆಧಾರ್ ಜೊತೆ ತಾಳೆಯಾಗದೆ ಅಪ್ಪ ಮೂರು ಸಲ ಬಸ್ ಹತ್ತಿ ಹೋಗಿಬಂದರು. ಎಪ್ಪತ್ತು ದಾಟಿದವರನ್ನು ಹಾಗೆ ಓಡಾಡಿಸಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಹೆಸರಿಗೆ ಒಂದೇ ಖಾನೆ ಇಡಿ, ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ ಬರೆಯಲಿ.

ಇಂಗ್ಲಿಷಿಗೆ ಅಳತೆ ಮಾಡಿದ ಬಟನ್ನಿನಲ್ಲಿ ಕನ್ನಡ ಕೂರಿಸಿದರೆ ಒತ್ತಕ್ಷರ ಕತ್ತರಿಸಿಹೋಗುತ್ತದೆ. 'ಮೊತ್ತ' ಹೋಗಿ 'ಮೊತ' ಆಗುತ್ತದೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಲು ಹೇಳಿ. ಮಾತೂ ಅಷ್ಟೇ. ಜನ ಸಾಲ 'ಕಟ್ಟುತ್ತಾರೆ'. 'ಮರುಪಾವತಿ ಪ್ರಕ್ರಿಯೆ ಆರಂಭಿಸಿ' ಎಂದು ಬರೆದರೆ ಬೆರಳು ಹಿಂದೆ ಸರಿಯುತ್ತದೆ. 'ಸಾಲ ಕಟ್ಟಿ' ಎನ್ನಿ.

ಐದು ಜನರ ಕೈಗೆ ಕೊಡಿ

ಪರದೆಗಳನ್ನು ಮೊದಲು ಕಾಗದದ ಮೇಲೆ ಬರೆಯಿರಿ, ಮೆಸೇಜನ್ನೂ ಸೇರಿಸಿ. ಐದು ಸದಸ್ಯರಿಗೆ ಕೊಟ್ಟು 'ನಿಮ್ಮ ಗಡುವು ಯಾವಾಗ ಹೇಳಿ' ಎನ್ನಿ. ಒಂದು ಸುತ್ತಿಗೆ ಐದು ಜನ ಸಾಕು, ದೊಡ್ಡ ತೊಡಕುಗಳು ಬಹುಪಾಲು ಅಷ್ಟರಲ್ಲೇ ಸಿಗುತ್ತವೆ ಎಂದು ಬಳಕೆಯ ಸುಲಭತೆ ಅಧ್ಯಯನ ಮಾಡುವ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ಸದಸ್ಯರು ತಡವರಿಸಿದಾಗ ಬಾಯಿ ಹಾಕಬೇಡಿ. ಅದು ನಿಜಕ್ಕೂ ಕಷ್ಟ. ಎಲ್ಲಿ ತಡೆದರು ಎಂದು ಗುರುತು ಮಾಡಿ, ತಿದ್ದಿ, ಇನ್ನೈದು ಜನರಿಗೆ ಕೊಡಿ. ಸಾಫ್ಟ್‌ವೇರ್‌ನವರ ಕೊಟೇಶನ್ ತರಿಸುವುದು ಇದಾದ ಮೇಲೆ.

ಕೆಲಸ ಶುರುವಾಗಿ ಆರು ತಿಂಗಳಿಗೆ ಅದೇ ನೋಟ್‌ಬುಕ್ ಮತ್ತೆ ಕೌಂಟರಿಗೆ ಕೊಡಿ. ಸಂತೆ ದಿನವೂ ಸೇರಿದ ಹಾಗೆ ಒಂದು ವಾರ ಗೀಟು ಹಾಕಲಿ. ಮೊದಲ ವಾರದ ಪುಟದ ಪಕ್ಕ ಇಟ್ಟು ಎಣಿಸಿ. 'ಗಡುವು ಯಾವಾಗ?' ಎಂಬುದರ ಮುಂದಿನ ಗೀಟು ಕಡಿಮೆ ಆಗಿಲ್ಲ ಎಂದರೆ ಮೆಸೇಜಿನ ಮಾತು ಬದಲಿಸಿ, ಮತ್ತೆ ಕಾಗದಕ್ಕೆ ಬನ್ನಿ.